ಗಾಜಿನ ಪೆಟ್ಟಿಗೆಯಲ್ಲಿರುವ ಏಳು ಕೊಬ್ಬರಿ ಗಿಟುಕುಗಳು

ಚಾಮರಾಜಪೇಟೆಯ ಹಳೆಯ ಬಂಗಲೆಯೊಂದಕ್ಕೆ ಸುಣ್ಣ ಹೊಡೆಸಿ ಅದನ್ನು ಕಲಾ ಸಂಗ್ರಹಾಲಯ ಮಾಡಿರುವ ಮಾನ್ಯ ನಿರ್ದೇಶಕರೇ,

ತಮ್ಮಲ್ಲಿ ಈಗ ನಡೆಯುತ್ತಿರುವ ‘ಒಳಮನೆ’ ಎಂಬ ಪ್ರದರ್ಶನದ ಎರಡನೇ ಕೋಣೆಯಲ್ಲಿ, ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ, ಕೆತ್ತನೆ ಮಾಡಿದ ಏಳು ಕೊಬ್ಬರಿ ಗಿಟುಕುಗಳಿವೆ. ಪಕ್ಕದ ಚೀಟಿಯ ಮೇಲೆ ‘ಕಲಾವಿದೆ: ಶ್ರೀಮತಿ ಜಾನಕಮ್ಮ, ಮಲ್ಲೇಶ್ವರಂ’ ಎಂದು ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸಿದ್ದೀರಿ. ಎರಡು ಭಾಷೆಗಳಲ್ಲಿಯೂ ಅದು ಸುಳ್ಳು. ಆ ಏಳನ್ನೂ ಕೆತ್ತಿದವಳು ನಾನು. ಈ ಮಾತನ್ನು ತಮ್ಮ ಕಚೇರಿಗೆ ಒಂದು ಸಲ ಬಂದು ಹೇಳಿದ್ದೇನೆ, ಇನ್ನೊಂದು ಸಲ ಫೋನಿನಲ್ಲಿ ಹೇಳಿದ್ದೇನೆ. ಕೇಳಿಸಿಕೊಂಡವರು ಯಾರೂ ಬರೆದುಕೊಳ್ಳಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ನಾನೇ ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಹದಿನೈದಕ್ಕೆ ಈ ಪ್ರದರ್ಶನ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಗುತ್ತದಂತೆ, ಅಲ್ಲಿಂದ ಇನ್ನೆಲ್ಲಿಗೋ. ಆ ಚೀಟಿಯೂ ಜೊತೆಯಲ್ಲೇ ಹೋಗುತ್ತದೆ. ನನಗೆ ಎಪ್ಪತ್ತೆರಡು ವರ್ಷ. ದೆಹಲಿಯವರೆಗೆ ಬೆನ್ನಟ್ಟಿಕೊಂಡು ಹೋಗಿ ಜಗಳವಾಡುವ ತ್ರಾಣ ನನ್ನ ಮಂಡಿಗಳಲ್ಲಿಲ್ಲ. ಏನಾಗಬೇಕಿದ್ದರೂ ಆ ಪೆಟ್ಟಿಗೆ ಚಾಮರಾಜಪೇಟೆಯಲ್ಲಿ ಇರುವಾಗಲೇ ಆಗಬೇಕು.

ಇದು ಹೊಟ್ಟೆಕಿಚ್ಚಿನ ಕಾಗದ ಎಂದು ತಮ್ಮ ಕಚೇರಿಯವರು ಗುಸುಗುಸು ಮಾಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ಶುದ್ಧವಾದ, ಕಲಬೆರಕೆಯಿಲ್ಲದ ಹೊಟ್ಟೆಕಿಚ್ಚು. ಚರಂಡಿ, ಬೀದಿದೀಪ, ಮುರಿದ ಕಲ್ಲುಹಾಸುಗಳ ಬಗ್ಗೆ ಈ ಊರಿನ ನಾನಾ ಅಧಿಕಾರಿಗಳಿಗೆ ನಾನು ಇದುವರೆಗೆ ಎಷ್ಟೋ ಕಾಗದ ಬರೆದಿದ್ದೇನೆ. ಅವೆಲ್ಲ ಸಾರ್ವಜನಿಕ ಹಿತಾಸಕ್ತಿಯಿಂದ ಬರೆದವು. ಇದೊಂದು ಮಾತ್ರ ಸ್ವಂತ ಹಿತಾಸಕ್ತಿಯದ್ದು. ಹೊಟ್ಟೆಕಿಚ್ಚು ಪಡುವವಳು ಸುಳ್ಳು ಹೇಳಲೇಬೇಕು ಎಂದು ಎಲ್ಲಿಯಾದರೂ ನಿಯಮವಿದೆಯೇ?

ಕೊಬ್ಬರಿ ಕೆತ್ತನೆಯ ಬಗ್ಗೆ ತಾವು ಎಂಟು ಪುಟದ ಪ್ರಬಂಧ ಬರೆದಿದ್ದೀರಿ. ಆದರೂ ಈ ಕಾಗದ ಓದುವ ಬೇರೆಯವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಒಣಕೊಬ್ಬರಿಯ ಅರ್ಧ ಹೋಳಿಗೆ ಗಿಟುಕು ಎನ್ನುತ್ತೇವೆ. ಅದರ ಹೊರಗಿನ ಕಂದು ಸಿಪ್ಪೆಯನ್ನು ಬೇಕಾದಲ್ಲಿ ಉಳಿಸಿ, ಬೇಡವಾದಲ್ಲಿ ಹೆರೆದರೆ ಬಿಳಿಯ ಮೇಲೆ ಕಂದು ಬಳ್ಳಿ, ಕಂದು ನವಿಲು, ಕಂದು ತೇರು ಎದ್ದು ನಿಲ್ಲುತ್ತವೆ. ಮದುವೆ, ಸೀಮಂತ, ನಾಮಕರಣಗಳಲ್ಲಿ ಬೀಗರೆದುರಿಗೆ ಹಿಡಿಯುವ ತಟ್ಟೆಯಲ್ಲಿ ಇದು ಇರಬೇಕು. ಆಯುಧ ಎಂದರೆ ಮಸೆದ ಕೊಡೆ ಕಡ್ಡಿ, ಒಂದು ಹಳೆಯ ಬ್ಲೇಡು. ಶಾಸ್ತ್ರ ಮುಗಿದ ಮೇಲೆ ಗಿಟುಕನ್ನು ಇಟ್ಟುಕೊಳ್ಳಬಾರದು. ಮಂಗಳದ ಕೊಬ್ಬರಿಯನ್ನು ತುರಿದು ಮನೆಯವರೆಲ್ಲ ತಿಂದು ಮುಗಿಸಬೇಕು, ಇಟ್ಟುಕೊಂಡರೆ ಮನೆಯ ಶುಭ ಒಣಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮೂರು ದಿನ ಕೂತು ಕೆತ್ತಿದ್ದನ್ನು ಮೂರು ನಿಮಿಷದಲ್ಲಿ ತುರಿಯುತ್ತಾರೆ. ನಾನು ಎಷ್ಟು ಕೆತ್ತಿದೆನೋ ಅಷ್ಟೂ ಊರಿನವರ ಹೊಟ್ಟೆ ಸೇರಿವೆ ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದೆ.

ಇನ್ನು ನಾನು ಐವತ್ತು ವರ್ಷ ಮುಚ್ಚಿಟ್ಟ ವಿಷಯ. ನಾನು ಎಡಗೈಯವಳು. ತಮಗೆ ಇದು ನಗೆಪಾಟಲಿನ ಗುಟ್ಟು ಎನಿಸಬಹುದು. ಎಡಗೈಯಲ್ಲಿ ಬ್ಯಾಟು ಬೀಸುವವರಿಗೆ ಚಪ್ಪಾಳೆ ತಟ್ಟುವ ಕಾಲ ಇದು. ನಾನು ಮಲ್ಲೇಶ್ವರಕ್ಕೆ ಸೊಸೆಯಾಗಿ ಬಂದಾಗ ಎಡಗೈಯಲ್ಲಿ ಮುಟ್ಟಿದ ಕುಂಕುಮವನ್ನು ಯಾರೂ ಹಣೆಗೆ ಇಟ್ಟುಕೊಳ್ಳುತ್ತಿರಲಿಲ್ಲ. ಊಟ, ಬಡಿಸುವುದು, ಬರೆಯುವುದು ಎಲ್ಲವನ್ನೂ ಬಲಗೈಗೆ ಕಲಿಸಿದ್ದೆ. ಕೆತ್ತನೆ ಮಾತ್ರ ಬಲಗೈಗೆ ಬರಲಿಲ್ಲ. ಬಲಗೈಯಲ್ಲಿ ಕಡ್ಡಿ ಹಿಡಿದರೆ ನವಿಲು ಕೋಳಿಯಾಗುತ್ತಿತ್ತು.

ನನ್ನ ಅತ್ತೆ ಇದನ್ನು ಮದುವೆಯಾದ ವರ್ಷವೇ ಕಂಡುಹಿಡಿದರು. ಬೈಯಲಿಲ್ಲ. ನಾನು ಕೆತ್ತಿದ ಗಿಟುಕನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. “ಇಷ್ಟು ಚೆನ್ನಾಗಿ ನಮ್ಮ ಕಡೆ ಯಾರೂ ಕೆತ್ತಲ್ಲ ಕಣೇ. ಆದ್ರೆ ಎಡಗೈದು ಅಂತ ಗೊತ್ತಾದ್ರೆ ಬೀಗರು ತಟ್ಟೆ ಮುಟ್ಟಲ್ಲ. ಹಿಂದಿನ ಕೋಣೇಲಿ ಕೂತ್ಕೊ, ಬಾಗಿಲು ಹಾಕ್ಕೊ,” ಎಂದರು. ಅಂದಿನಿಂದ ಅದೇ ವ್ಯವಸ್ಥೆಯಾಯಿತು. ನಾನು ಒಳಗೆ ಕೆತ್ತುತ್ತಿದ್ದೆ, ಅವರು ಹೊರಗೆ ಕಾವಲು ಕೂತು ಹೂ ಕಟ್ಟುತ್ತಿದ್ದರು. ಯಾರಾದರೂ ಸೊಸೆ ಎಲ್ಲಿ ಎಂದು ಕೇಳಿದರೆ, “ಅವ್ಳಿಗೆ ತಲೆನೋವು, ಮಲಗಿದಾಳೆ” ಎನ್ನುತ್ತಿದ್ದರು. ಹಾಗಾಗಿ ಹದಿಮೂರನೇ ಕ್ರಾಸಿನಿಂದ ಹದಿನೆಂಟನೇ ಕ್ರಾಸಿನವರೆಗೆ ನಾನು ಸದಾ ತಲೆನೋವಿನ ಸೊಸೆ ಎಂದೂ, ಅತ್ತೆ ಆ ವಯಸ್ಸಿನಲ್ಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆತ್ತುವ ಮಹಾತಾಯಿ ಎಂದೂ ಹೆಸರಾಯಿತು. “ಪಾಪ, ಆ ಸೊಸೆ ಒಂದು ಕಡ್ಡಿ ಎತ್ತಿಡಲ್ಲ” ಎಂದು ಹೆಂಗಸರು ನನಗೆ ಕೇಳುವ ಹಾಗೆಯೇ ಹೇಳಿದ್ದುಂಟು. ನಾನು ಎತ್ತಿಡುತ್ತಿದ್ದದ್ದೇ ಒಂದು ಕಡ್ಡಿ, ಅದೂ ಕೊಡೆಯದ್ದು, ಆದರೆ ಹೇಳುವ ಹಾಗಿರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಜನ ಕೇಳುವುದನ್ನು ನಿಲ್ಲಿಸಲಿಲ್ಲ, ನನ್ನ ಕೈಯೂ ಸುಮ್ಮನಿರಲಿಲ್ಲ. ಆಗಲಾದರೂ ಸತ್ಯ ಹೇಳಬಹುದಿತ್ತು. ಹೇಳಿದರೆ ಅದಕ್ಕೆ ಮುಂಚೆ ನಮ್ಮ ಮನೆಯ ಗಿಟುಕು ಇಟ್ಟು ಮದುವೆ ಮಾಡಿದವರೆಲ್ಲ ಏನು ಅಂದುಕೊಂಡಾರು? ಯಾವುದೋ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರೂ ನನ್ನ ಎಡಗೈ ಮೇಲೆ ಹಾಕುತ್ತಿದ್ದರು. ಅದಕ್ಕೆ, ಶ್ರೀರಾಂಪುರದಲ್ಲಿ ಒಬ್ಬರು ಕೆತ್ತಿಕೊಡುತ್ತಾರೆ ಎಂದು ಹೇಳತೊಡಗಿದೆ. ಆ ಇಲ್ಲದ ಮನುಷ್ಯನ ವಿಳಾಸ ಕೇಳಿಕೊಂಡು ವೈಯಾಲಿಕಾವಲ್‌ನಿಂದೆಲ್ಲ ಜನ ಬಂದರು. ಅವರಿಗೆ ಹುಷಾರಿಲ್ಲ, ಅವರು ಯಾರನ್ನೂ ನೋಡುವುದಿಲ್ಲ, ನನ್ನ ಹತ್ತಿರ ಹೇಳಿಹೋಗಿ ಎಂದು ಒಂದರ ಮೇಲೊಂದು ಸುಳ್ಳು ಪೋಣಿಸಿದೆ.

ಹೀಗಾಗಿ ನಾನು ಕೆತ್ತುವುದನ್ನು ಕಣ್ಣಾರೆ ಕಂಡ ಹೊರಗಿನವರು ಈ ಜಗತ್ತಿನಲ್ಲಿ ಒಬ್ಬರೇ. ಅವರೇ ಜಾನಕಮ್ಮ. ಅವಳ ಮನೆ ನಮ್ಮ ಹಿಂದಿನ ರಸ್ತೆಯಲ್ಲಿದೆ. ಎರಡು ಮನೆಗಳ ಹಿತ್ತಿಲ ಬಾಗಿಲುಗಳ ನಡುವೆ ಒಂದು ಕಿರಿದಾದ ಗಲ್ಲಿ ಮಾತ್ರ ಇದೆ. ನಲವತ್ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಏಳು ತಿಂಗಳ ಬಸುರಿಯಾಗಿದ್ದ ಅವಳು ಹುಳಿಯ ಪಾತ್ರೆ ವಾಪಸು ಕೊಡಲು ಹಿತ್ತಿಲಿಂದ ಬಂದಳು. ಮುಂಬಾಗಿಲಿಗೆ ಕಾವಲಿದ್ದ ಅತ್ತೆಗೆ ಅದು ಕಾಣಲಿಲ್ಲ. ನಾನು ಅವಳದೇ ಸೀಮಂತಕ್ಕೆ ಗಿಟುಕು ಕೆತ್ತುತ್ತಿದ್ದೆ. ಕಿಟಕಿಯಿಂದ ದನಿ ಬಂತು. “ಅಯ್ಯೋ ಸುಂದರಾ, ನೀನಾ! ಎಷ್ಟು ಚೆನ್ನಾಗಿದೆಯೇ!”

ನಾನು ಕಡ್ಡಿ ಹಿಡಿದುಕೊಂಡೇ ಓಡಿದೆ. ಮಾಡಿದ್ದನ್ನು ಇವತ್ತು ನೆನೆದರೆ ನನಗೆ ಮೈಯೆಲ್ಲ ನಾಚಿಕೆಯಾಗುತ್ತದೆ. ಅವಳ ಬಲಗೈಯನ್ನು ಅವಳ ಹೊಟ್ಟೆಯ ಮೇಲೆ ಇಡಿಸಿ, “ಯಾರಿಗೂ ಹೇಳಲ್ಲ ಅಂತ ಈ ಮಗು ಮೇಲೆ ಆಣೆ ಮಾಡು” ಎಂದೆ. ಅವಳು ಹೆದರಿ ಬಿಳಿಚಿಕೊಂಡು ಆಣೆ ಮಾಡಿದಳು. ಆ ಮಗುವೇ ಶಿವಕುಮಾರಿ. ಅವಳ ನಾಮಕರಣಕ್ಕೆ, ಕಿವಿ ಚುಚ್ಚಿಸಿದ್ದಕ್ಕೆ, ಮದುವೆಗೆ, ಜಾನಕಮ್ಮನ ಮನೆಯ ಎಲ್ಲ ಶುಭಕ್ಕೂ ನಾನೇ ಗಿಟುಕು ಕೆತ್ತಿಕೊಟ್ಟೆ. ಪ್ರತಿ ಸಲವೂ ಮಾರನೇ ವಾರ, “ಏನ್ಮಾಡಿದೆ ಕೊಬ್ಬರಿ?” ಎಂದು ಕೇಳುತ್ತಿದ್ದೆ. “ತುರಿದು ಮಿಠಾಯಿ ಮಾಡ್ದೆ ಕಣೆ, ಬೆಣ್ಣೆ ಹಾಗೆ ಕರಗ್ತು” ಎನ್ನುತ್ತಿದ್ದಳು, ಒಂದೆರಡು ಮಿಠಾಯಿಯನ್ನೂ ತಂದುಕೊಡುತ್ತಿದ್ದಳು. ನಾನು ನಂಬಿ ತಿನ್ನುತ್ತಿದ್ದೆ.

ಈಗ ತಮ್ಮ ಸಂಗ್ರಹಾಲಯ ಈ ಕಥೆಯೊಳಗೆ ಕಾಲಿಡುತ್ತದೆ. ಹೋದ ವರ್ಷ ತಮ್ಮಲ್ಲಿ ಸಂಶೋಧನೆ ಮಾಡುವ ಅಕ್ಷಯಾ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಒಳ್ಳೆಯ ಹುಡುಗಿ, ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತಳು. ನಮ್ಮ ಅತ್ತೆಯ ಕೆತ್ತನೆಯ ಕೀರ್ತಿ ಯಾರೋ ಹೇಳಿದ್ದರಂತೆ. “ಅಜ್ಜಿ, ಅವರ ನಂತರ ಯಾರು ಕೆತ್ತುತ್ತಿದ್ರು?” ಎಂದು ಕೇಳಿದಳು. ಅರ್ಧ ಶತಮಾನ ಕಾದ ಪ್ರಶ್ನೆ ಅದು. ಇಡೀ ಜೀವಮಾನದಲ್ಲಿ ಯಾರೂ ಪುಸ್ತಕ ಪೆನ್ನು ಹಿಡಿದುಕೊಂಡು ನನ್ನನ್ನು ಅದನ್ನು ಕೇಳಿರಲಿಲ್ಲ. ನನ್ನ ಹಾಳು ನಾಲಿಗೆ ರೂಢಿಯಂತೆ ಹೊರಳಿತು. “ಶ್ರೀರಾಂಪುರದಲ್ಲಿ ಒಬ್ಬರು ಇದ್ರಮ್ಮ. ಈಗಿಲ್ಲ” ಎಂದುಬಿಟ್ಟೆ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟಾಗುತ್ತಿರಲಿಲ್ಲ. ಮನೆಯಲ್ಲಿ ಹಳೆಯದು ಏನಾದರೂ ಇದೆಯಾ ಎಂದು ಅವಳು ಕೇಳಿದಾಗ ನನಗೆ ಸ್ವಲ್ಪ ಗರ್ವ ಬಂತು. “ನಾವು ಶುಭದ ಕೊಬ್ಬರಿ ಇಟ್ಕೊಳ್ಳೋ ಜನ ಅಲ್ಲಮ್ಮ. ಹಿಂದಿನ ಮನೇಲಿ ಜಾನಕಮ್ಮ ಅಂತ ಇದಾರೆ, ಅವ್ರು ಹರಿದ ದಾರಾನೂ ಬಿಸಾಕಲ್ಲ, ಅಲ್ಲಿ ಹೋಗಿ ನೋಡು ಕಸಾನ” ಎಂದೆ. ಆ ಹುಡುಗಿಯನ್ನು ಹಿತ್ತಿಲ ಬಾಗಿಲಿನಿಂದ ನಾನೇ, ಸ್ವತಃ ನಾನೇ, ದಾಟಿಸಿ ಕಳಿಸಿದೆ.

ಎರಡು ತಿಂಗಳಾದ ಮೇಲೆ ಪತ್ರಿಕೆಯಲ್ಲಿ ಜಾನಕಮ್ಮನ ಫೋಟೋ ಬಂತು. ಮಾವಿನಕಾಯಿ ಬಣ್ಣದ ಮೈಸೂರು ಸಿಲ್ಕ್ ಸೀರೆ, ಎರಡು ಮೊಳ ಮಲ್ಲಿಗೆ, ಕೈಯಲ್ಲಿ ಒಂದು ಗಿಟುಕು. ‘ಮಲ್ಲೇಶ್ವರದ ಮೌನ ಕಲಾವಿದೆ’ ಎಂದು ಶೀರ್ಷಿಕೆ. ಜಾನಕಮ್ಮ ಮೌನಿಯಂತೆ! ಅವಳು ಮಾತಾಡಲು ಶುರು ಮಾಡಿದರೆ ನಮ್ಮ ಗಲ್ಲಿಯ ಬೆಕ್ಕುಗಳು ಜಾಗ ಬಿಡುತ್ತವೆ. ನಮ್ಮ ಮನೆಯವರು ಪತ್ರಿಕೆಯನ್ನು ಮಡಿಸಿ ಸೋಫಾದ ಕೆಳಗೆ ತಳ್ಳಿ, ಇವತ್ತು ಪೇಪರ್ ಬಂದಿಲ್ಲ ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಅವರಿಗೆ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಕಷ್ಟ. ಯಾವುದೋ ಕಾಲೇಜಿನ ರಂಗೋಲಿ ಸ್ಪರ್ಧೆಗೆ ಜಾನಕಮ್ಮ ತೀರ್ಪುಗಾರಳಾದಳು. ಅವಳನ್ನು ಕರೆದೊಯ್ಯಲು ಕಾರು ಬಂತು. ದೇವಸ್ಥಾನದಲ್ಲಿ ಅವಳಿಗೆ ಮೊದಲು ತೀರ್ಥ ಸಿಗತೊಡಗಿತು. ಎಂಟನೇ ಕ್ರಾಸಿನ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷದಿಂದ ನನಗೆ ಸೊಪ್ಪು ಕೊಡುವ ಲಕ್ಕಮ್ಮ ಒಂದು ದಿನ ಪಕ್ಕದ ಗಿರಾಕಿಗೆ ನನ್ನನ್ನು ತೋರಿಸಿ, “ಇವ್ರೇ ನೋಡಿ, ಆ ಕೊಬ್ಬರಿ ಜಾನಕಮ್ಮೋರ್ ಮನೆ ಹಿಂದಿನ ಮನೆಯವ್ರು” ಎಂದಳು. ಹಿಂದಿನ ಮನೆಯವರು! ದಂಟಿನ ಸೊಪ್ಪಿನ ಕಟ್ಟನ್ನು ಅಲ್ಲೇ ಬಿಟ್ಟು ಬಂದೆ. ರಾತ್ರಿ ಸಾರಿಗೆ ಸೊಪ್ಪಿರಲಿಲ್ಲ. ಹೊಟ್ಟೆಕಿಚ್ಚಿಗೆ ಮದ್ದಿದ್ದರೆ ಹೇಳಿ ನಿರ್ದೇಶಕರೇ, ಸಂಪಿಗೆ ರಸ್ತೆಯ ಅಷ್ಟೂ ಔಷಧಿ ಅಂಗಡಿಗಳಲ್ಲಿ ಹುಡುಕುತ್ತೇನೆ.

ಆಗಿನ್ನೂ ಆ ಗಿಟುಕುಗಳು ನನ್ನವು ಎಂದು ನನಗೆ ಗೊತ್ತಿರಲಿಲ್ಲ. ಪತ್ರಿಕೆಯ ಫೋಟೋ ಹೆಬ್ಬೆಟ್ಟಿನಷ್ಟಿತ್ತು. ಇವಳು ಗುಟ್ಟಾಗಿ ಕಲಿತು ಕೆತ್ತಿರಬೇಕು, ನನಗೊಂದು ಮಾತು ಹೇಳಲಿಲ್ಲವಲ್ಲ ಎಂದೇ ಕುದಿಯುತ್ತಿದ್ದೆ. ಅವಳ ಕೆಲಸ ಎಷ್ಟು ಕೆಟ್ಟದಾಗಿದೆ ಎಂದು ನೋಡಿ ಸಂತೋಷಪಡಲೆಂದೇ ಒಂದು ಬುಧವಾರ ನಮ್ಮ ಮನೆಯವರನ್ನು ಎಬ್ಬಿಸಿಕೊಂಡು ಮೆಟ್ರೋ ಹತ್ತಿದೆ. ಮಾರ್ಕೆಟ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಮಾಡಿಕೊಂಡು ತಮ್ಮ ಬಂಗಲೆಗೆ ಬಂದೆವು.

ಪೆಟ್ಟಿಗೆಯ ಮುಂದೆ ನಿಂತೆ. ಮೊದಲನೆಯದರಲ್ಲಿ ಒಂದು ನವಿಲಿತ್ತು, ಬಾಲದಲ್ಲಿ ಒಂಬತ್ತು ಗರಿ. ಒಂಬತ್ತೇ ಯಾಕೆಂದರೆ ಹತ್ತನೆಯದು ಕೆತ್ತುವಾಗ ಕಿಟಕಿಯಿಂದ ಆ ದನಿ ಬಂದು ಕಡ್ಡಿ ಜಾರಿತ್ತು, ಆ ಗರಿಯನ್ನು ಹೆರೆದು ಎಲೆ ಮಾಡಿದ್ದೆ. ಆ ಎಲೆ ಅಲ್ಲೇ ಇತ್ತು. ನಾನು ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟೆ. ಕಾವಲಿನವನು ಬಂದು, “ಅಮ್ಮ, ಗ್ಲಾಸ್ ಮುಟ್ಬೇಡಿ” ಎಂದ. “ನನ್ನದನ್ನ ನಾನು ಮುಟ್ಟಬಾರದಾ?” ಎಂದೆ. ಅವನು ನಮ್ಮ ಮನೆಯವರ ಮುಖ ನೋಡಿದ, ನಮ್ಮ ಮನೆಯವರು ಚಾವಣಿ ನೋಡಿದರು.

ಏಳೂ ನನ್ನವೇ. ಏಳರಲ್ಲಿಯೂ ಬಳ್ಳಿಗಳು ಬಲದಿಂದ ಎಡಕ್ಕೆ ಸುತ್ತುತ್ತವೆ, ಹಕ್ಕಿಗಳು ಬಲಕ್ಕೆ ಮುಖ ಮಾಡಿವೆ. ಎಡಗೈಯವರು ಕೆತ್ತಿದರೆ ಹಾಗೇ ಆಗುವುದು, ಕೈ ಆ ಕಡೆಗೆ ಸಲೀಸು. ಈಗ ತಾವು ಬರೆದ ಚೀಟಿಯನ್ನು ಓದುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ. ‘ರೂಢಿಗತ ಬಲಸುತ್ತನ್ನು ಪ್ರಜ್ಞಾಪೂರ್ವಕವಾಗಿ ನಿರಾಕರಿಸುವ ಕಲಾವಿದೆಯು ಎಡಸುತ್ತಿನ ರೇಖೆಗಳ ಮೂಲಕ ಕಾಲದ ಹರಿವಿಗೇ ಪ್ರತಿರೋಧ ಒಡ್ಡುತ್ತಾರೆ.’ ಆಹಾ! ಕಾಲದ ಹರಿವಿಗೆ ನಾನು ಯಾವ ಪ್ರತಿರೋಧವನ್ನೂ ಒಡ್ಡಲಿಲ್ಲ ಸ್ವಾಮಿ. ಸಂಜೆ ಅಡುಗೆ ಹೊತ್ತಿಗೆ ಮುಗಿಸಬೇಕು ಎಂಬ ಅವಸರದಲ್ಲಿದ್ದೆ. ಎಂಟು ಪುಟದ ಪ್ರಬಂಧ ಬರೆದ ತಮಗೆ, ಇಷ್ಟೆಲ್ಲ ತತ್ವ ಹೊಳೆದ ತಮಗೆ, ‘ಇವರು ಎಡಗೈಯವರೇನೋ’ ಎಂಬ ಒಂದು ಸಣ್ಣ ಅನುಮಾನ ಯಾಕೆ ಬರಲಿಲ್ಲ? ಜಾನಕಮ್ಮ ತಮ್ಮೆದುರು ಕಾಫಿ ಕುಡಿದಳು, ಸಹಿ ಹಾಕಿದಳು, ದೀಪ ಹಚ್ಚಿದಳು. ಎಲ್ಲ ಬಲಗೈಯಲ್ಲೇ ಅಲ್ಲವೇ? ತಾವು ಆಗ ಎಲ್ಲಿ ನೋಡುತ್ತಿದ್ದಿರಿ?

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಗಲ್ಲಿ ದಾಟಿದೆ. ಜಾನಕಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. “ಕಳ್ಳಿ!” ಎಂದೆ. ಬೇರೆ ಪೀಠಿಕೆ ಹಾಕಲಿಲ್ಲ.

ಅವಳು ತಲೆ ಎತ್ತಿ, “ಬಾ ಕೂತ್ಕೊ. ಯಾವತ್ತು ಬರ್ತೀಯ ಅಂತ ಕಾಯ್ತಿದ್ದೆ” ಎಂದಳು.

“ತುರಿದೆ ಅಂದೆ! ಮಿಠಾಯಿ ಮಾಡ್ದೆ ಅಂದೆ!”

“ಅಂಗಡಿಯಿಂದ ಬೇರೆ ಕೊಬ್ಬರಿ ತಂದು ಮಾಡ್ತಿದ್ದೆ ಕಣೆ. ನಿಂದನ್ನ ತುರಿಯೋಕೆ ಕೈ ಬರ್ಲಿಲ್ಲ. ಮೊದಲನೇ ಸಲ ತುರಿಯೋ ಮಣೆ ಮುಂದೆ ಕೂತು ಅತ್ತುಬಿಟ್ಟೆ, ಬಸುರಿ ಅಳ್ತಾಳೆ ಅಂತ ಎಲ್ರೂ ಗಾಬರಿಯಾದ್ರು. ಆಮೇಲೆ ವಾರ್ನಿಷ್ ಹೊಡೆದು, ಬಿಸ್ಕತ್ ಡಬ್ಬೀಲಿ ಲವಂಗ ಹಾಕಿ ಅಟ್ಟದ ಮೇಲಿಟ್ಟೆ.”

“ಶುಭದ ಕೊಬ್ಬರಿ ಇಟ್ಕೋಬಾರ್ದು ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಏನಾದ್ರೂ ಆಗ್ಲಿ ಅಂತ ಇಟ್ಕೊಂಡೆ.”

“ಸರಿ, ಆ ಹುಡುಗಿ ಕೇಳ್ದಾಗ ನನ್ನ ಹೆಸರು ಹೇಳೋಕೆ ಏನಾಗಿತ್ತು ನಿಂಗೆ?”

ಅವಳು ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. ಆಗ ಅವಳ ಮುಖದಲ್ಲಿ ನಗು ಇರಲಿಲ್ಲ. “ನನ್ನ ಮಗಳ ಮೇಲೆ ಆಣೆ ಹಾಕ್ಸಿದ್ದು ಯಾರೇ? ಶಿವಕುಮಾರಿಗೆ ಜ್ವರ ಬಂದಾಗೆಲ್ಲ ಯಾರ ಹತ್ರಾದ್ರೂ ಬಾಯಿಬಿಟ್ನಾ ಅಂತ ನೆನಪು ಮಾಡ್ಕೊಂಡಿದೀನಿ ನಾನು. ಗೊತ್ತಿಲ್ಲ ಅಂದಿದ್ರೆ ಆ ಹುಡುಗಿ ವಾಪಸ್ ಡಬ್ಬಿಗೆ ಹಾಕಿ ಹೋಗ್ತಿದ್ಲು. ನಾನೇ ಅಂದೆ.” ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು. “ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿತ್ತು ಕಣೆ. ಯಾರೋ ದೊಡ್ಡವರು ನನ್ನ ಕೈ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ನನ್ನ ಕೈನ ಯಾರು ನೋಡಿದ್ರು ಹೇಳು ಇದುವರೆಗೆ?”

ತಪ್ಪು ನನ್ನದೂ ಇದೆ ಎಂದು ಅಲ್ಲೇ ಗೊತ್ತಾಯಿತು. ಹಾಗೆಂದು ಹೊಟ್ಟೆ ತಣ್ಣಗಾಯಿತು ಎಂದುಕೊಳ್ಳಬೇಡಿ. ಇನ್ನಷ್ಟು ಉರಿಯಿತು. ಯಾಕೆಂದರೆ ಅವಳು ಮಾತಿನ ಮಧ್ಯೆ ಇನ್ನೊಂದು ವಿಷಯ ಹೇಳಿದಳು. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಅಟ್ಟದಿಂದ ಡಬ್ಬಿ ಇಳಿಸಿ, ಹಳೆಯ ಲವಂಗ ತೆಗೆದು ಹೊಸದು ಹಾಕಿ, ಒಂದೊಂದನ್ನೇ ಹತ್ತಿ ಬಟ್ಟೆಯಲ್ಲಿ ಒರೆಸಿ, ಸಂಜೆಯವರೆಗೆ ನೋಡಿಕೊಂಡು ಕೂರುತ್ತಿದ್ದಳಂತೆ. ನಲವತ್ನಾಲ್ಕು ವರ್ಷ ನನ್ನ ಕೆಲಸವನ್ನು ಅವಳು ನೋಡಿದಳು. ಕೆತ್ತಿದ ನಾನು ಒಂದನ್ನೂ ಎರಡನೇ ಸಲ ನೋಡಿರಲಿಲ್ಲ. ತಟ್ಟೆ ಹೊಸಿಲು ದಾಟಿದರೆ ನನ್ನ ಪಾಲಿಗೆ ಮುಗಿದುಹೋಗುತ್ತಿತ್ತು. ಚೆನ್ನಾಗಿ ಬಂದಿತ್ತೋ ಇಲ್ಲವೋ ಎಂದು ಎಷ್ಟೋ ಮಧ್ಯಾಹ್ನ ಗೋಡೆ ನೋಡಿಕೊಂಡು ನೆನಪು ಮಾಡಿಕೊಂಡಿದ್ದೇನೆ. ಆ ಚೀಟಿಗಿಂತ, ಆ ಮೈಸೂರು ಸಿಲ್ಕಿಗಿಂತ ಹೆಚ್ಚಾಗಿ ನನಗೆ ಈ ನೋಡಿದ್ದರ ಬಗ್ಗೆ ಅಸೂಯೆಯಾಗುತ್ತದೆ, ಇವತ್ತಿಗೂ ಆಗುತ್ತಿದೆ.

ಅವತ್ತೇ ನಾನು ಆಣೆಯಿಂದ ಅವಳನ್ನು ಬಿಡಿಸಿದೆ. ಶಿವಕುಮಾರಿಗೂ ಫೋನು ಮಾಡಿ ತಪ್ಪಾಯಿತು ಎಂದೆ. ಅವಳು, “ಅಯ್ಯೋ ಆಂಟಿ, ನಾನು ಹುಟ್ಟೋಕ್ ಮುಂಚೆನೇ ನನ್ನನ್ನ ಅಡ ಇಟ್ಟಿದ್ರಾ?” ಎಂದು ನಕ್ಕಳು. ಮಾರನೇ ದಿನ ಜಾನಕಮ್ಮನೂ ನಾನೂ ಕೂಡಿಯೇ ತಮ್ಮ ಕಚೇರಿಗೆ ಬಂದೆವು. ಕಲಾವಿದೆ ಎನಿಸಿಕೊಂಡವಳೇ ತಾನು ಕಲಾವಿದೆಯಲ್ಲ ಎಂದು ಬಂದು ಹೇಳಿದರೆ ಸಂಗ್ರಹಾಲಯದವರು ಏನು ಮಾಡಬೇಕು? ಕುರ್ಚಿ ಕೊಟ್ಟು ಕೇಳಬೇಕು. ತಮ್ಮ ಸಹಾಯಕರು, ಕ್ಯಾಟಲಾಗು ಅಚ್ಚಾಗಿದೆ ಎಂದರು. ನನ್ನ ಹತ್ತಿರ ದಾಖಲೆ ಇದೆಯಾ ಎಂದು ಕೇಳಿದರು. ಫೋಟೋ? ಇಲ್ಲ. ಕೆತ್ತಿದ್ದನ್ನು ಕಂಡವರು? ಈಕೆಯೇ. ಬೇರೆ ಕೆತ್ತನೆ? ತಿಂದಾಯಿತು. ಅವರು ನಕ್ಕರು. “ಅಮ್ಮ, ಇಂಥ ಕ್ಲೇಮ್ ಬಹಳ ಬರುತ್ತೆ” ಎಂದರು. ಒಂದು ಕೊಬ್ಬರಿ ಕೊಡಿ, ಇಲ್ಲೇ ಕೆತ್ತಿ ತೋರಿಸುತ್ತೇನೆ ಎಂದೆ. ಗ್ಯಾಲರಿಯೊಳಗೆ ತಿನ್ನುವ ಪದಾರ್ಥ ತರುವಂತಿಲ್ಲ ಎಂದರು!

ಒಂದು ವಾರದ ನಂತರ ತಾವೇ ಫೋನಿಗೆ ಸಿಕ್ಕಿದಿರಿ. ದನಿಯಲ್ಲಿ ಜೇನು ಸುರಿಯುತ್ತಿತ್ತು. ವಿವಾದ ಬೇಡ, ಯಾರ ಹೆಸರೂ ಬೇಡ, ಚೀಟಿಯಲ್ಲಿ ‘ಸಮುದಾಯದ ಅನಾಮಿಕ ಮಹಿಳೆಯರು’ ಎಂದು ಹಾಕಿಸುತ್ತೇವೆ, ಅದು ಇನ್ನೂ ಗೌರವಯುತವಾಗಿರುತ್ತದೆ ಎಂದಿರಿ.

ಮಾನ್ಯರೇ, ನಾನು ಅನಾಮಿಕಳಾಗಿ ಬದುಕಿ ನೋಡಿದ್ದೇನೆ. ಬಾಗಿಲು ಹಾಕಿದ ಕೋಣೆಯಲ್ಲಿ ಅನಾಮಿಕಳಾಗಿದ್ದೆ, ತಲೆನೋವಿನ ಹೆಸರಿನಲ್ಲಿ ಅನಾಮಿಕಳಾಗಿದ್ದೆ, ಶ್ರೀರಾಂಪುರದ ಇಲ್ಲದ ಗಂಡಸಿನ ಹಿಂದೆ ಅನಾಮಿಕಳಾಗಿದ್ದೆ. ಅದರಲ್ಲಿ ಒಂದು ಚೂರೂ ಗೌರವವಿಲ್ಲ. ಅತ್ತೆ ನನ್ನನ್ನು ಮುಚ್ಚಿಟ್ಟದ್ದು ಬೀಗರಿಗೆ ಹೆದರಿ. ತಾವು ಯಾರಿಗೆ ಹೆದರುತ್ತಿದ್ದೀರಿ? ತಮ್ಮ ಮುಂದಿನ ಹಜಾರದಲ್ಲಿ ತೂಗುಹಾಕಿರುವ ಎಣ್ಣೆಬಣ್ಣದ ಚಿತ್ರಗಳ ಕೆಳಗೆಲ್ಲ ಹೆಸರು, ಹುಟ್ಟಿದ ವರ್ಷ, ಓದಿದ ಊರು ಇವೆ. ಆ ಗಂಡಸರಿಗೆ ಹೋಗಿ, ‘ಸಮುದಾಯದ ಅನಾಮಿಕ ಪುರುಷರು’ ಎಂದು ಹಾಕಿಸೋಣವೇ ಎಂದು ಕೇಳುವ ಧೈರ್ಯ ತಮಗಿದೆಯೇ? ಅಡುಗೆಮನೆಯ ಹಿಂದಿನಿಂದ ಬಂದ ವಸ್ತು ಎಂದ ತಕ್ಷಣ ಸಮುದಾಯ ಎಲ್ಲಿಂದ ಓಡಿಬರುತ್ತದೆ? ಸಮುದಾಯ ಆ ಗಿಟುಕುಗಳಲ್ಲಿ ಒಂದು ಎಲೆಯನ್ನೂ ಕೆತ್ತಲಿಲ್ಲ. ತುರಿಯುವಾಗ ಮಾತ್ರ ಸಾಲಾಗಿ ಕೂತಿತ್ತು.

ನನ್ನ ಬೇಡಿಕೆಗೆ ಬರುತ್ತೇನೆ. ಪೆಟ್ಟಿಗೆ ದೆಹಲಿಗೆ ಹೊರಡುವ ಮೊದಲು ಆ ಚೀಟಿಯನ್ನು ಬದಲಿಸಿ. ‘ಕೆತ್ತಿದವರು: ಸುಂದರಮ್ಮ, ಎಡಗೈಯಿಂದ’ ಎಂದು ಬರೆಯಿರಿ. ಅದರ ಕೆಳಗೆ, ‘ತಿನ್ನದೆ ಉಳಿಸಿದವರು: ಜಾನಕಮ್ಮ’ ಎಂದೂ ಬರೆಯಿರಿ, ಅಕ್ಷರ ಸ್ವಲ್ಪ ಚಿಕ್ಕದಿದ್ದರೆ ನನಗೆ ಅಭ್ಯಂತರವಿಲ್ಲ. ಕಾಲದ ಹರಿವನ್ನು ಅದರ ಪಾಡಿಗೆ ಬಿಟ್ಟುಬಿಡಿ.

ದಾಖಲೆ ಬೇಕೆಂದಿರಲ್ಲ, ಅದನ್ನೂ ಕೊಡುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಎರಡನೇ ಕೋಣೆಯಲ್ಲಿ ನನಗೊಂದು ಚಾಪೆ ಹಾಕಿಸಿ. ಕಿಟಕಿ ತೆಗೆದಿರಲಿ, ಬಾಗಿಲು ಪೂರ್ತಿ ತೆಗೆದಿರಲಿ. ನನ್ನ ಎಡಗೈ ಹೆಬ್ಬೆರಳು ಈಗ ನಡುಗುತ್ತದೆ, ನವಿಲಿಗೆ ಒಂಬತ್ತು ಗರಿ ಬರುತ್ತದೋ ಐದು ಬರುತ್ತದೋ ಹೇಳಲಾರೆ. ಎಷ್ಟು ಬಂದರೆ ಅಷ್ಟನ್ನು ಎಲ್ಲರ ಕಣ್ಣೆದುರಿಗೆ ಎಡಗೈಯಲ್ಲೇ ಕೆತ್ತುತ್ತೇನೆ. ಬಂದವರೆಲ್ಲ ನೋಡಲಿ, ತಾವೂ ಎದುರಿಗೆ ಕೂತು ನೋಡಿ, ಬೇಕಾದರೆ ಕೈ ಹಿಡಿದು ತಿರುಗಿಸಿಯೂ ನೋಡಿ. ಕೆತ್ತನೆ ಮುಗಿದ ಮೇಲೆ ನಾನೂ ಒಂದು ಗಳಿಗೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಆಮೇಲೆ ಅದು ಗಾಜಿನೊಳಗೆ ಹೋಗಕೂಡದು. ಅಲ್ಲೇ ತುರಿದು, ಸಕ್ಕರೆ ಬೆರೆಸಿ, ನೋಡಲು ಬಂದವರಿಗೆಲ್ಲ ಹಂಚುತ್ತೇನೆ. ಮೊದಲ ಹಿಡಿ ಜಾನಕಮ್ಮನ ಕೈಗೆ. ಈ ಸಲ ಅವಳು ಅದನ್ನು ನನ್ನ ಕಣ್ಣೆದುರಿಗೇ ತಿನ್ನಬೇಕು.

ಇಂತಿ,
ಅನಾಮಿಕಳಾಗಲು ಇನ್ನು ಮುಂದೆ ಒಪ್ಪದ,
ಜಾನಕಮ್ಮನ ಮನೆ ಹಿಂದಿನ ಮನೆಯ
ಸುಂದರಮ್ಮ
ಮಲ್ಲೇಶ್ವರಂ, ಬೆಂಗಳೂರು

(ಕಾಗದವನ್ನು ಬಲಗೈಯಲ್ಲಿ ಬರೆದಿದ್ದೇನೆ. ಸಹಿಯನ್ನು ಮೊದಲ ಸಲ ಎಡಗೈಯಲ್ಲಿ ಹಾಕಿದ್ದೇನೆ, ಸೊಟ್ಟಗಿದ್ದರೆ ಅದು ನನ್ನದೇ.)